ಅಗೆದ ಮಣ್ಣಲ್ಲೇ ಗೋಡೆ
ಬೆಂಗಳೂರಿನ ಬಾಗಲಗುಂಟೆಯಲ್ಲಿ ಪಾಯ ತೋಡಿದ ಕೆಂಪು ಮಣ್ಣನ್ನು ಟಿಪ್ಪರಿಗೆ ತುಂಬಿ ಕಳಿಸಿ, ಗೋಡೆಯ ಸಾಮಾನನ್ನು ದೂರದಿಂದ ತರಿಸುತ್ತೇವೆ. ನನಗಿದು ಸಂಕಟದ ವಿಷಯ. ಅದೇ ಮಣ್ಣಿಗೆ ಶೇ. 7ರಷ್ಟು ಸಿಮೆಂಟ್ ಬೆರೆಸಿ (ಜೇಡಿ ಹೆಚ್ಚಿದ್ದರೆ ಕಲ್ಲುಪುಡಿಯೂ ಬೇಕು), ಕೈಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರುಣಿಸಿದರೆ ಗಟ್ಟಿ ಇಟ್ಟಿಗೆ ಸಿದ್ಧ. ಸುಡುವ ಗೂಡೇ ಬೇಡ. ಇಲ್ಲಿಗೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿ ದಶಕಗಳಾದವು. ಈ ಇಟ್ಟಿಗೆಗೆ ಸಿಮೆಂಟ್ ಅಲ್ಪವೇ ಸಾಕೆಂಬುದು ದೊಡ್ಡ ಲಾಭ, ಏಕೆಂದರೆ ಸಿಮೆಂಟಿನ ಕೇಡು ಅದರ ಹುಟ್ಟಿನಲ್ಲೇ ಇದೆ: ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವಾಗ ಉರುವಲಿನ ಹೊಗೆಯ ಜೊತೆಗೆ ಕಲ್ಲೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ತಾರಸಿಗೆ, ಕಂಬಗಳಿಗೆ ಕಾಂಕ್ರೀಟೇ ಆಗಬೇಕೆನ್ನುವವರು ಅಂಗಡಿಯಲ್ಲಿ ಸ್ಲ್ಯಾಗ್ ಸಿಮೆಂಟ್ ಕೇಳಲಿ. ಸುಟ್ಟ ಸುಣ್ಣಕಲ್ಲಿನ ಒಂದಷ್ಟು ಪಾಲಿನ ಬದಲಿಗೆ ಅದರಲ್ಲಿ ಬೆರೆಸುವ ಕಬ್ಬಿಣದ ಕುಲುಮೆಯ ಕಿಟ್ಟ ನಮ್ಮ ರಾಜ್ಯದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೇ ಹುಟ್ಟುತ್ತದೆ.