ಬಗ್ಗಿ ನಿಲ್ಲುವ ಶಿಕ್ಷೆ

ಮನೆಪಾಠ ಬರೆಯದ ಮಕ್ಕಳನ್ನು ಸೊಂಟ ಬಗ್ಗಿಸಿ, ಕಾಲಿನ ಹೆಬ್ಬೆರಳು ಹಿಡಿಸಿ ನಿಲ್ಲಿಸುವ ಶಿಕ್ಷೆಯೊಂದು ಹಿಂದೆ ನಮ್ಮ ಶಾಲೆಗಳಲ್ಲಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೂಡದೆಂದು ಖಂಡಿತವಾಗಿ ಹೇಳಿತು. ಒಳ್ಳೆಯದೇ ಆಯಿತು. ಆದರೆ ಅದೇ ಮಕ್ಕಳು ಪಿಯುಸಿ ದಾಟಿ, ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಕಂತಿನ ಮೇಲೆ ಸ್ಪೋರ್ಟ್ಸ್ ಬೈಕು ಕೊಂಡು, ಅದೇ ಶಿಕ್ಷೆಯನ್ನು ದಿನಕ್ಕೆರಡು ಹೊತ್ತು ತಾವಾಗಿಯೇ ಅನುಭವಿಸುತ್ತಾರಲ್ಲ, ಇದಕ್ಕೆ ಯಾವ ಕಾಯ್ದೆ ತರೋಣ?

ಈ ವಿಷಯ ನನಗೇಕೆ ಬಂತು ಎಂದರೆ, ನಮ್ಮ ಮನೆಯಲ್ಲೂ ಅಂಥದೊಂದು ಬೈಕಿದೆ. ಮಗ ಅದರಲ್ಲಿ ದಿನಕ್ಕೆ ಮೂವತ್ತು ಕಿಲೋಮೀಟರು ಓಡಾಡುತ್ತಾನೆ. ಸಂಜೆ ಬಂದು ಅನ್ನ ಕಲಸುವಾಗ ಮಣಿಕಟ್ಟು ಒತ್ತಿಕೊಳ್ಳುತ್ತಾನೆ, ಬೆರಳು ಜೋಮು ಹಿಡಿದಿದೆ ಎನ್ನುತ್ತಾನೆ. ಬೈಕು ಕೊಂಡ ಅಂಗಡಿಗೇ ಹೋಗಿ, ಹಿಡಿಯನ್ನು ಸ್ವಲ್ಪ ಎತ್ತರಿಸಲು ಬರುತ್ತದೆಯೇ ಎಂದು ಕೇಳಿದೆ. ಅಲ್ಲಿದ್ದ ಹುಡುಗ ನಕ್ಕು, "ಮೇಡಂ, ಸ್ಪೋರ್ಟ್ಸ್ ಬೈಕ್ ಅಂದ್ರೆ ಹಾಗೇನೇ. ಅಭ್ಯಾಸ ಆಗುತ್ತೆ" ಎಂದ. ನನ್ನ ಜಗಳವಿರುವುದು ಈ "ಹಾಗೇನೇ" ಎಂಬ ಮಾತಿನ ಜೊತೆ.

ಹಾಗೇನೇ ಏಕೆ? ರೇಸಿನ ಬೈಕಿನಲ್ಲಿ ಹಿಡಿಗಳನ್ನು ಮುಂಚಕ್ರದ ಫೋರ್ಕಿಗೇ ತಗ್ಗಿಸಿ ಕಟ್ಟಿರುತ್ತಾರೆ. ಕಾಲಿಡುವ ಕಡ್ಡಿಗಳನ್ನು ಹಿಂದಕ್ಕೂ ಮೇಲಕ್ಕೂ ಸರಿಸಿರುತ್ತಾರೆ. ಸವಾರ ಟ್ಯಾಂಕಿನ ಮೇಲೆ ಮಲಗಿದಂತೆ ಬಗ್ಗಿದರೆ ಗಾಳಿಗೆ ಎದೆ ಕೊಡಬೇಕಾಗಿಲ್ಲ. ತಿರುವಿನಲ್ಲಿ ಬೈಕು ವಾಲಿದಾಗ ಕಡ್ಡಿ ನೆಲಕ್ಕೆ ಉಜ್ಜುವುದಿಲ್ಲ. ಎದುರಿನಿಂದ ಬರುವ ಗಾಳಿಯೇ ಎದೆಯನ್ನು ತುಸು ಎತ್ತಿ ಹಿಡಿಯುವುದರಿಂದ ಕೈಗಳ ಮೇಲಿನ ಭಾರವೂ ಇಳಿಯುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಈ ಭಂಗಿಗೆ ನಾನು ಕೈ ಮುಗಿಯುತ್ತೇನೆ. ಅಲ್ಲಿ ಅದಕ್ಕೆ ಅರ್ಥವಿದೆ.

ನಮ್ಮ ರಸ್ತೆಗೆ ಬನ್ನಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆಂದು ನನ್ನ ಪಕ್ಕದ ಕೊಠಡಿಯಲ್ಲಿ ವಿಜ್ಞಾನದ ಮೇಷ್ಟ್ರು ಪಾಠ ಮಾಡುತ್ತಾರೆ. ಗಂಟೆಗೆ 120 ಕಿಲೋಮೀಟರಿನಲ್ಲಿ ಇರುವ ಒತ್ತಡ 30 ಕಿಲೋಮೀಟರಿನಲ್ಲಿ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಪೇಟೆಯ ಬೀದಿಯಲ್ಲಿ, ಹಸು, ಆಟೋ, ಹೆಜ್ಜೆಗೊಂದು ರೋಡ್ ಹಂಪಿನ ನಡುವೆ ಓಡುವುದು ಆ ಮೂವತ್ತರಲ್ಲೇ. ಎದೆಯನ್ನು ಎತ್ತಿಹಿಡಿಯುವ ಗಾಳಿ ಇಲ್ಲ. ಮೈಯ ಭಾರವೆಲ್ಲ ಮಣಿಕಟ್ಟಿಗೆ ಬಂತು. ಅಂಗೈಗೆ ಹೋಗುವ ನರ ಮಣಿಕಟ್ಟಿನ ಒಂದು ಇಕ್ಕಟ್ಟಾದ ಸುರಂಗದಲ್ಲಿ ಹಾದುಹೋಗುತ್ತದೆ. ಮಣಿಕಟ್ಟು ಮಡಚಿ ಅದರ ಮೇಲೆ ಭಾರ ಬಿದ್ದರೆ ನರ ಒತ್ತಿ ಬೆರಳು ಜೋಮು ಹಿಡಿಯುತ್ತದೆ. ಬೆನ್ನು ಬಾಗಿದ್ದರೂ ಮುಂದೆ ನೋಡಲೇಬೇಕಲ್ಲ, ಹೆಲ್ಮೆಟ್ಟಿನ ಭಾರದೊಡನೆ ಕುತ್ತಿಗೆ ಮೇಲೆತ್ತಿ ಹಿಡಿಯಬೇಕು. ಇದು ಅಭ್ಯಾಸವಾಗುವ ವಿಷಯವಲ್ಲ ಸ್ವಾಮಿ, ಸವೆಯುವ ವಿಷಯ.

"ಬೈಕಿನ ರೂಪ ಹಾಳಾಗುತ್ತದೆ, ಮುಟ್ಟಬಾರದು" ಎನ್ನುವ ಭಕ್ತರಿದ್ದಾರೆ. ಅವರಿಗೊಂದು ಚರಿತ್ರೆಯ ಪಾಠ. ಈ ತಗ್ಗು ಹಿಡಿ ರಸ್ತೆಗೆ ಬಂದದ್ದಾದರೂ ಹೇಗೆ? 1950–60ರ ದಶಕಗಳಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಕಡೆ ಸೇರುತ್ತಿದ್ದ ಹುಡುಗರು ತಮ್ಮ ಸಾಧಾರಣ ಬೈಕುಗಳ ಹಿಡಿ ಬಿಚ್ಚಿ, ರೇಸಿನವರನ್ನು ನೋಡಿ ತಗ್ಗು ಹಿಡಿ ಹಾಕಿಕೊಂಡರು. ಅಂದರೆ ಈ ಭಂಗಿ ರಸ್ತೆಗೆ ಇಳಿದದ್ದೇ ಬದಲಾವಣೆಯಿಂದ. ಅಂದು ಶೋಕಿಗಾಗಿ ತಗ್ಗಿಸಿದ್ದು ತಪ್ಪಲ್ಲವಾದರೆ, ಇಂದು ನೋವಿಗಾಗಿ ಎತ್ತರಿಸುವುದು ಹೇಗೆ ಅಪಚಾರವಾದೀತು?

"ನೋವು ತಡೆದುಕೊಳ್ಳುವುದೇ ಗಂಡಸುತನ" ಎಂಬುದು ಇನ್ನೊಂದು ವಾದ. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದು ಬಂದಳು. ಅಂಥ ರ‍್ಯಾಲಿ ಬೈಕುಗಳ ಹಿಡಿ ಅಗಲ, ಎತ್ತರ. ಹಳ್ಳದಿಣ್ಣೆ ಬಂದರೆ ಸವಾರರು ಕಾಲಿನ ಕಡ್ಡಿಗಳ ಮೇಲೆ ನೇರವಾಗಿ ಎದ್ದು ನಿಲ್ಲುತ್ತಾರೆ. ವಿಶ್ವಕಪ್ಪನ್ನು ನೆಟ್ಟಗೆ ನಿಂತು ಗೆಲ್ಲಬಹುದಾದರೆ, ತರಕಾರಿ ಮಾರ್ಕೆಟ್ಟಿಗೆ ಬಗ್ಗಿಕೊಂಡೇ ಏಕೆ ಹೋಗಬೇಕು?

ಕಂಪನಿಗಳಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ರಾಯಲ್ ಎನ್‌ಫೀಲ್ಡ್ 2018ರಲ್ಲಿ ಒಂದೇ 648 ಸಿಸಿ ಎಂಜಿನ್ನಿಗೆ ಎರಡು ಬೈಕು ಮಾಡಿತು. ಕಾಂಟಿನೆಂಟಲ್ ಜಿಟಿಯಲ್ಲಿ ತಗ್ಗು ಹಿಡಿ, ಇಂಟರ್‌ಸೆಪ್ಟರಿನಲ್ಲಿ ಎತ್ತರದ ಅಗಲ ಹಿಡಿ. ಯಮಹಾದ ಬಗ್ಗಿ ಕೂರುವ ಆರ್15ಕ್ಕೂ, ನೆಟ್ಟಗೆ ಕೂರುವ ಎಂಟಿ-15ಕ್ಕೂ ಎಂಜಿನ್ನಿನ ಮೂಲ ಒಂದೇ. ಎಂಜಿನ್ನಿನ ಶಕ್ತಿಗೂ ಸವಾರನ ಬೆನ್ನು ಬಾಗುವುದಕ್ಕೂ ಸಂಬಂಧವಿಲ್ಲವೆಂದು ಅವರೇ ತೋರಿಸಿಕೊಟ್ಟಂತಾಯಿತಲ್ಲ! ಹಾಗಿದ್ದ ಮೇಲೆ ಬಗ್ಗುವ ಬೈಕನ್ನೇ ಇಷ್ಟಪಟ್ಟು ಕೊಂಡವನಿಗೂ ಎರಡು ಬೆರಳು ಎತ್ತರದ ಹಿಡಿಯೊಂದನ್ನು ಕಂಪನಿಯೇ ಏಕೆ ಕೊಡಬಾರದು? ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದ ವಿವರ ಬದಲಾಗುವಂತೆ ವಾಹನವನ್ನು ತಿದ್ದಬಾರದೆನ್ನುತ್ತದೆ. ಕಾನೂನು ಸರಿಯೇ, ಗ್ಯಾರೇಜಿಗೊಬ್ಬ ವಿಶ್ವಕರ್ಮನಾದರೆ ರಸ್ತೆಯ ಗತಿಯೇನು? ಆದರೆ ಮಾಲೀಕನ ಕೈ ಕಟ್ಟಿದ ಮೇಲೆ ತಯಾರಕನ ಹೊಣೆ ಹೆಚ್ಚಬೇಕು. ಒಬ್ಬನಿಗೆ ಐದು ಅಡಿ, ಇನ್ನೊಬ್ಬನಿಗೆ ಆರು ಅಡಿ. ಇಬ್ಬರಿಗೂ ಒಂದೇ ಅಳತೆ ಎಂದರೆ ಒಂದನೇ ತರಗತಿಗೂ ಹತ್ತನೇ ತರಗತಿಗೂ ಒಂದೇ ಬೆಂಚು ಹಾಕಿದ ಹಾಗೆ.

ಅಲ್ಲಿಯವರೆಗೆ ಹುಡುಗರು ಮಾಡಿಕೊಳ್ಳಬಹುದಾದದ್ದು ಬೇಕಾದಷ್ಟಿದೆ. ಮೊದಲನೆಯದಕ್ಕೆ ಕಾಸೇ ಬೇಡ. ಮೊಣಕಾಲಿನಿಂದ ಟ್ಯಾಂಕನ್ನು ಬಿಗಿಯಾಗಿ ಅವಚಿ, ಹೊಟ್ಟೆ ಬೆನ್ನಿನ ಬಲದಿಂದ ಮೈಯನ್ನು ಹಿಡಿದು, ಮೊಣಕೈ ಸಡಿಲ ಬಿಟ್ಟರೆ ಅಂಗೈಯ ಭಾರ ಇಳಿಯುತ್ತದೆ. ಎರಡನೆಯದು, ಕ್ಲಚ್ಚು ಬ್ರೇಕುಗಳ ಲಿವರುಗಳನ್ನು ಸಡಿಲಿಸಿ, ಮುಂಗೈ, ಮಣಿಕಟ್ಟು, ಬೆರಳು ಒಂದೇ ನೇರಕ್ಕೆ ಬರುವಂತೆ ತಿರುಗಿಸಿ ಬಿಗಿಮಾಡುವುದು. ಐದು ನಿಮಿಷದ ಕೆಲಸ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಸವಾರ ಟ್ಯಾಂಕಿನತ್ತ ಜಾರಿ ಕೈಮೇಲೆ ಬೀಳುತ್ತಾನೆ. ಒಳಗಿನ ಫೋಮನ್ನು ಸಮ ಮಾಡಿಸಬೇಕು. ಹಿಡಿ ಎತ್ತರಿಸುವುದಾದರೆ ಆರ್‌ಟಿಓ ಕಚೇರಿಯಲ್ಲಿ ಕೇಳಿ, ತಿಳಿದ ಮೆಕ್ಯಾನಿಕ್ಕನ ಕೈಯಲ್ಲೇ ಮಾಡಿಸಬೇಕು. ಹಿಡಿಯನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಕೇಬಲ್ಲು, ಬ್ರೇಕಿನ ಕೊಳವೆ ಎಳೆಯಬಾರದು, ಹಿಡಿ ಟ್ಯಾಂಕಿಗೆ ತಾಗಬಾರದು. ಕಾಲಿನ ಕಡ್ಡಿ ಇಳಿಸಿದರೆ ಮೊಣಕಾಲಿಗೆ ಸುಖ, ಆದರೆ ತಿರುವಿನಲ್ಲಿ ಅದು ಬೇಗ ನೆಲಕ್ಕೆ ತಾಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವವನು ಇದನ್ನು ಮರೆಯಬಾರದು.

ಇಷ್ಟಾದರೂ ಅರ್ಧ ಮಾತೇ ಆಯಿತು. ಹಿಂದೆ ಕೂರುವವರ ಗತಿ? ಕೇಂದ್ರ ಮೋಟಾರು ವಾಹನ ನಿಯಮ 123 ಹಿಂಬದಿ ಸವಾರರಿಗೆ ಹಿಡಿದುಕೊಳ್ಳುವ ಹಿಡಿ, ಕಾಲಿಡಲು ಆಸರೆ, ಹಿಂಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ವಿಧಿಸಿದೆ. ನಮ್ಮ ಸೀರೆ ಸೆರಗುಗಳ ಜೀವರಕ್ಷಕ ಅದು. ಆದರೆ ಸೀಟೆಂದರೆ ಅಂಗೈಯಗಲದ್ದು, ಅಟ್ಟದ ಮೇಲಿನ ಮಣೆಯಂತೆ ಎತ್ತರದಲ್ಲಿ, ಮುಂದಕ್ಕೆ ವಾಲಿಕೊಂಡು! ಬ್ರೇಕು ಹಾಕಿದಾಗಲೆಲ್ಲ ಹಿಂದಿನವಳು ಸವಾರನ ಬೆನ್ನಿಗೆ ಬೀಳುತ್ತಾಳೆ. ಅವಳ ಭಾರವೂ ಅವನ ಮಣಿಕಟ್ಟಿಗೇ ಸೇರುತ್ತದೆ. ಇನ್ನು ಚಂದ ಕೆಡುತ್ತದೆಂದು ಸೀರೆ ಗಾರ್ಡನ್ನೇ ಕಿತ್ತು ಗೋಡೌನಿಗೆ ಎಸೆಯುವ ಮಹಾನುಭಾವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಡಿ ಎತ್ತರಿಸಬೇಕೆಂದರೆ ಕಾನೂನು ನೆನಪಾಗುವ ಇವರಿಗೆ, ಗಾರ್ಡು ಕೀಳುವಾಗ ನೆನಪಾಗುವುದಿಲ್ಲವಲ್ಲ!

ಮೂಗಿಗಿಂತ ಮೂಗುತಿ ಭಾರ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ತಾಯಂದಿರೇ, ಮಗ ಬೈಕು ಕೊಳ್ಳಲು ಹೊರಟಾಗ ನೀವೂ ಜೊತೆಗೆ ಹೋಗಿ. ಅವನು ಬಣ್ಣ ನೋಡಲಿ, ಮೈಲೇಜು ಕೇಳಲಿ. ನೀವು ಅವನನ್ನು ಅದರ ಮೇಲೆ ಹದಿನೈದು ನಿಮಿಷ ಕೂರಿಸಿ, ಹಿಂದೆ ನೀವೂ ಹತ್ತಿ ಕುಳಿತು ನೋಡಿ. ಅಂಗಡಿಯವನು ನಗಲಿ ಬಿಡಿ. ಕಂತು ಕಟ್ಟುವವರು ನಾವು, ಇಪ್ಪತ್ತೈದಕ್ಕೇ ಬೆನ್ನು ಹಿಡಿದ ಮಗನಿಗೆ ಎಣ್ಣೆ ತಿಕ್ಕುವವರೂ ನಾವೇ.