ಮಧ್ಯಾಹ್ನ ಹತ್ತಿ ಸಂಜೆ ಇಳಿದರೆ ಅಮೆರಿಕ ಎರಡೂವರೆ ಗಂಟೆಯ ದಾರಿಯೇ?

ಬೆಂಗಳೂರಿನಲ್ಲಿ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5ಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ, ಭೂಮಿ ತಿರುಗುವುದರಿಂದ ಆ ಊರೇ ವಿಮಾನದ ಕೆಳಗೆ ಬಂದುಬಿಡುತ್ತದೆ ಎಂಬಂಥ ಮಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಟಿಕೆಟ್‌ನಲ್ಲಿ ಇಂಥ ಸಮಯ ಇರಬಹುದು. ಆದರೆ ಅದಕ್ಕೆ ಕೊಟ್ಟ ಕಾರಣ ತಪ್ಪು.

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಕಾಣುವ ಎರಡೂವರೆ ಗಂಟೆಗೆ ಇದನ್ನು ಕೂಡಿಸಿ. ನಿಜವಾದ ಪ್ರಯಾಣ 16 ಗಂಟೆ!

ಭೂಮಿ ತಿರುಗುವುದು ನಿಜ. ಆದರೆ ಸುತ್ತಲಿನ ಗಾಳಿಯೂ ಅದರ ಜೊತೆಗೇ ತಿರುಗುತ್ತದೆ. ಹಾಗಾಗದಿದ್ದರೆ, ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಹತ್ತಿರವಿರುವ ವಿದ್ಯಾನಗರ ವಿಮಾನ ನಿಲ್ದಾಣದಲ್ಲಿ ಹೆಲಿಕಾಪ್ಟರ್ ಏರಿ, ಹತ್ತೇ ನಿಮಿಷ ಸುಮ್ಮನೆ ಮೇಲೆ ನಿಂತರೆ ಸಾಕಿತ್ತು. ಅಷ್ಟರಲ್ಲಿ ಭೂಮಿ ಸುಮಾರು 270 ಕಿ.ಮೀ. ಪೂರ್ವಕ್ಕೆ ಸರಿದು, ನಾವು ಗೋವಾದಲ್ಲಿ ಇಳಿಯುತ್ತಿದ್ದೆವು! ಓಡುವ ಬಸ್ಸಿನಲ್ಲಿ ನಾಣ್ಯ ಮೇಲಕ್ಕೆ ಚಿಮ್ಮಿದರೆ ಅದು ಹಿಂದಿನ ಸೀಟಿಗೆ ಹೋಗುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಇದೂ ಹಾಗೆಯೇ. ವಿಮಾನದ ಸಮಯವನ್ನು ನಿಜಕ್ಕೂ ಹೆಚ್ಚುಕಡಿಮೆ ಮಾಡುವುದು ಎತ್ತರದಲ್ಲಿ ಬೀಸುವ ಗಾಳಿ. ಜೆಟ್ ಸ್ಟ್ರೀಮ್ ಎಂಬ ಈ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದರ ಜೊತೆ ಹೋದರೆ ಬೇಗ, ಎದುರು ಹೋದರೆ ತಡ.

ಹಾಗಾದರೆ ದೂರ ಎಷ್ಟು? ಈ ಎರಡು ನಗರಗಳ ನಡುವೆ ನೇರ ದೂರವೇ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿತ್ತು. ಗೋಡೆಯ ನಕ್ಷೆಯಲ್ಲಿ ಅದು ಸುತ್ತುದಾರಿಯಂತೆ ಕಾಣುತ್ತದೆ. ಭೂಗೋಳದ ಮೇಲೆ ಎರಡೂ ಊರಿಗೆ ದಾರ ಎಳೆದು ನೋಡಿ, ಅದು ಧ್ರುವದ ಕಡೆಗೇ ಹೋಗುತ್ತದೆ.

ಆ ವಿಮಾನ ಅಲ್ಲಿ ಹೊರಟಿದ್ದು ಜನವರಿ 9ರ ಶನಿವಾರ ರಾತ್ರಿ, ಇಲ್ಲಿ ಇಳಿದಿದ್ದು 11ರ ಸೋಮವಾರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ, ಕ್ಯಾಲೆಂಡರ್‌ನಲ್ಲಿ ಬದಲಾಗಿದ್ದು ಎರಡು ತಾರೀಖು.

ಇದು ಬರೀ ಲೆಕ್ಕದ ಮಾತಲ್ಲ. ಮಗಳನ್ನು ಕರೆತರಲು ಹೊಸಪೇಟೆಯಿಂದಲೋ ಕಂಪ್ಲಿಯಿಂದಲೋ ಬೆಂಗಳೂರಿಗೆ ಕಾರು ಮಾಡುವವರು ತಾರೀಖು ತಪ್ಪಿದರೆ ಒಂದು ದಿನ ಮೊದಲೇ ಹೋಗಿ ಕಾಯಬೇಕಾಗುತ್ತದೆ. ಅಮೆರಿಕಕ್ಕೆ ಹೊರಟವರು ಮೂರು ಗಂಟೆಯಾದರೂ ಫೋನ್ ಮಾಡಲಿಲ್ಲವೆಂದು ಮನೆಯವರು ಗಾಬರಿಪಡುವುದೂ ಉಂಟು. ಟಿಕೆಟ್‌ನಲ್ಲಿ ಒಟ್ಟು ಪ್ರಯಾಣದ ಅವಧಿ ನೋಡಿ. ಇಳಿಯುವ ಸಮಯದ ಪಕ್ಕದಲ್ಲಿ +1 ಇದ್ದರೆ ಮರುದಿನ, +2 ಇದ್ದರೆ ಅದರ ಮರುದಿನ ಎಂದರ್ಥ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.