ಒಂಬತ್ತು ಸೂಜಿಯ ಕನ್ನಡ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಗುತ್ತಲ ಕಡೆಯ ರೈತರೊಬ್ಬರ ಜೊತೆ ಮಾರಾಟದ ಲೆಕ್ಕದ ಪಟ್ಟಿಗೆ ಕಾಯುತ್ತ ಕೂತಿದ್ದೆ. ಘಾಟಿಗೆ ಎಲ್ಲರೂ ಸೀನುವವರೇ. ಮೂಲೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಕರ್ ಕರ್ ಎನ್ನುತ್ತ, ನಡುವೆ ಕಾರ್ಬನ್ ಇಟ್ಟ ಮೂರು ಹಾಳಿಯನ್ನು ಕುಟ್ಟುತ್ತಿತ್ತು. “ಹೊಸಾದು ತರಬಾರದೇನ್ರಿ?” ಎಂದೆ. “ಅದು ಕೆಳಗಿನ ಹಾಳಿಗೆ ಮುಟ್ಟೂದಿಲ್ರಿ” ಎಂದ ಗುಮಾಸ್ತ.

ಹೌದು, ಇಂಕ್‌ಜೆಟ್ ಶಾಯಿ ಚಿಮುಕಿಸುತ್ತದೆ, ಇದು ಬಡಿಯುತ್ತದೆ. ಇದರ ತಲೆಯೊಳಗೆ ಒಂದರ ಕೆಳಗೊಂದು 9 ಸೂಜಿ, ನಡುವಿನ ಅಂತರ ಅಂಗುಲದ 72ನೇ ಒಂದು ಪಾಲು. ಪ್ರತಿ ಸೂಜಿಗೂ ಒಂದು ವಿದ್ಯುತ್ಕಾಂತ. ಅದರ ಪ್ರೇರಣೆಗೆ ಸೂಜಿ ಚಿಮ್ಮಿ ರಿಬ್ಬನ್ನನ್ನು ಕಾಗದಕ್ಕೆ ಒತ್ತಿ, ತಕ್ಷಣ ಹಿಂದೆ ಸರಿಯುತ್ತದೆ. ತಲೆ ಒಂದು ಹೆಜ್ಜೆ ಪಕ್ಕಕ್ಕೆ, ಮತ್ತೆ ಏಟು. ಇಂಗ್ಲಿಷಿನ ದೊಡ್ಡ ‘ಎಲ್’ ಬೇಕೆಂದರೆ ಮೊದಲು ಏಳು ಸೂಜಿ ಒಟ್ಟಿಗೆ, ಆಮೇಲೆ ತಳದ್ದೊಂದೇ ನಾಲ್ಕು ಬಾರಿ.

ಆದರೆ ‘ಸ್ತ್ರೀ’? ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ಒಂಬತ್ತು ಚುಕ್ಕಿಯ ಎತ್ತರದಲ್ಲಿ ಅಷ್ಟೂ ಹಿಡಿಸದು. ಹಾಳಿ ಸರಿಸಿ ಇನ್ನೊಮ್ಮೆ ಓಡಬೇಕು. ಸಾಲದ್ದಕ್ಕೆ, ಇಂಗ್ಲಿಷ್ ಅಕ್ಷರಗಳ ಆಕಾರ ಪ್ರಿಂಟರಿನ ನೆನಪಿನಲ್ಲೇ ಇರುತ್ತದೆ, ಸಂಕೇತ ಕೊಟ್ಟರೆ ಸಾಕು. ಸಾಮಾನ್ಯ ಪ್ರಿಂಟರಿಗೆ ಕನ್ನಡ ಗೊತ್ತಿಲ್ಲ. ಕಂಪ್ಯೂಟರ್ ಇಡೀ ಸಾಲನ್ನು ಚಿತ್ರ ಮಾಡಿ, ಚುಕ್ಕಿಗಳ ಲೆಕ್ಕ ಕಳಿಸಬೇಕು. ಪಟ್ಟಿಯಲ್ಲಿ ಅಂಕಿಗಳು ಸರ್ರನೆ ಬಂದವು. ರೈತರ ಹೆಸರಿಗೆ ಬಂದಾಗ ತಲೆ ತಡವರಿಸಿತು.

ಗೊತ್ತಿಲ್ಲದ ಅಕ್ಷರವನ್ನು ಹೀಗೆ ಚುಕ್ಕಿಯ ಲೆಕ್ಕದಲ್ಲಿ ಕುಟ್ಟುವುದರಲ್ಲಿ ಅವಮಾನವೇನೂ ನನಗೆ ಕಾಣದು. 12–13ನೇ ಶತಮಾನಗಳಲ್ಲಿ ಗುತ್ತಲವನ್ನು, ಅಂದಿನ ಗುತ್ತವೊಳಲನ್ನು, ಆಳಿದ ಗುತ್ತ ಅರಸರ ಕಾಲದ ಶಾಸನಪದ್ಧತಿ ನೋಡಿ. ಕನ್ನಡ ಶಾಸನಗಳ ಕೊನೆಗೆ ಎಷ್ಟೋ ಸಲ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ. ಉಳಿ ಹಿಡಿದವನಿಗೆ ಓದು ಬರಲೇಬೇಕೆಂದಿರಲಿಲ್ಲವೇನೋ. ಕಲ್ಲಿನ ಮೇಲೆ ಗೀಚಿಕೊಟ್ಟ ಗೆರೆಯ ಮೇಲೆ ಏಟು ತಪ್ಪದಿದ್ದರೆ ಆಯಿತು.

ಪಟ್ಟಿ ಹೊರಬಂತು. ನಡುವಿನ ಸೂಜಿಯೊಂದು ಮುರಿದಿತ್ತು; ಸಾಲುದ್ದಕ್ಕೂ ಕೂದಲೆಳೆಯಷ್ಟು ಬಿಳಿ ಗೆರೆ.

“ಇದು ಎಂಟೋ ಸೊನ್ನೆಯೋ, ತಮ್ಮಾ?”

“ಎಂಟ್ರಿ, ಕಾಕಾ.”

ಗುಮಾಸ್ತ ಬಾಲ್ ಪೆನ್ ತೆಗೆದು ಆ ಅಂಕಿಯ ನಡುವಿಗೊಂದು ಗೆರೆ ಎಳೆದ, ಮೂರನೇ ಹಾಳಿಗೂ ಮೂಡುವಷ್ಟು ಒತ್ತಿ.